ಹರಳೆಣ್ಣೆ ಕುಡಿದ ಸ್ಪೀಡ್ ಬ್ಯಾಗ್

ಬೆಂಗಳೂರಿನಲ್ಲಿ ನನಗೆ ಮೊದಲ ಪೆಟ್ಟು ಕೊಟ್ಟದ್ದು ಮನುಷ್ಯನಲ್ಲ, ಒಂದು ಚರ್ಮದ ಬುರುಡೆ. ರಾಜಾಜಿನಗರದ ಕಾರ್ಖಾನೆಯ ಹಿಂದೆ ಒಂದು ತಗಡಿನ ಶೆಡ್ಡು. ಅಲ್ಲಿ ತಲೆಗಿಂತ ಸ್ವಲ್ಪ ಮೇಲೆ ದುಂಡನೆಯ ಹಲಗೆಯೊಂದನ್ನು ಅಡ್ಡಲಾಗಿ ಕಟ್ಟಿದ್ದರು. ಆ ಹಲಗೆಯ ಕೆಳಗೆ, ಬಳ್ಳಿಯಲ್ಲಿ ಜೋತ ಸೋರೆಕಾಯಿಯ ಹಾಗೆ, ಅದು ಸುಮ್ಮನೆ ತೂಗುತ್ತಿತ್ತು. ಏನಿದು ನೋಡೋಣವೆಂದು ಒಂದು ಗುದ್ದು ಗುದ್ದಿದೆ. ಅದು ಹೋಗಿ ಹಲಗೆಗೆ ಬಡಿಯಿತು, ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ತಿರುಗಿ ಬಂದು ನನ್ನ ಮೂಗಿಗೇ ಅಪ್ಪಳಿಸಿತು. ಕಣ್ಣಿನಲ್ಲಿ ನೀರು ಬಂತು. ಊರಿನ ಗರಡಿಯಲ್ಲಿ ಎಂಟು ವರ್ಷ ಕುಸ್ತಿ ಹಿಡಿದವನು ನಾನು. ಗಾಳಿ ತುಂಬಿದ ಒಂದು ಚೀಲದ ಕೈಯಲ್ಲಿ ಏಟು ತಿಂದು ಮೂಗು ಹಿಡಿದುಕೊಂಡು ನಿಂತಿದ್ದೆ.

ಹಿಂದಿನಿಂದ ಯಾರೋ ನಕ್ಕರು. ಮಿಲಿಟರಿಯಿಂದ ನಿವೃತ್ತರಾಗಿ ಈ ಕಾರ್ಖಾನೆಯಲ್ಲಿ ಬಾಕ್ಸಿಂಗ್ ಕಲಿಸುತ್ತಿದ್ದ ಸುಬೇದಾರ್ ಮುನಿಸ್ವಾಮಿ.

"ಏನಪ್ಪಾ, ಬಂದ ದಿವ್ಸಾನೇ ಜಗಳ ತೆಗ್ದ್ಬಿಟ್ಯಾ ಅದರ ಜೊತೆ? ಅದು ಯಾರನ್ನೂ ಬಿಡಲ್ಲ ಕಣಯ್ಯಾ."

ಗುಳೇದಗುಡ್ಡದ ನನ್ನ ಓದುಗರಿಗೆ ಇದನ್ನು ಮೊದಲಿನಿಂದ ಹೇಳಬೇಕು. ನಾವು ಮುಂಬೈ ಸರ್ಕಾರ ಬಿಟ್ಟು ಮೈಸೂರಿಗೆ ಸೇರಿದ ಮೇಲೆ ನಮ್ಮ ಕಡೆಯ ಹುಡುಗರಿಗೂ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ ಎಂಬ ಮಾತು ಹಬ್ಬಿತ್ತಲ್ಲ, ಆ ಮಾತನ್ನು ನಂಬಿ ಹೊರಟವರಲ್ಲಿ ನಾನೂ ಒಬ್ಬ. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕುಣಿಮಗ್ಗ. ನೆಲದಲ್ಲಿ ಒಂದೇ ಕುಣಿ, ಅದರಲ್ಲಿ ಕಾಲಿಳಿಬಿಟ್ಟು ಕೂರುವವನು ಒಬ್ಬನೇ. ಅಪ್ಪ ತೀರಿಕೊಂಡ ಮೇಲೆ ತಮ್ಮ ಈರಣ್ಣನ ಮದುವೆಯೂ ಆಗಿ, ಇಬ್ಬರೂ ದಿನ ಬಿಟ್ಟು ದಿನ ನಮ್ಮ ನಮ್ಮ ಪಾಲಿನ ರವಿಕೆ ಖಣ ನೇಯುತ್ತಿದ್ದೆವು. ಒಬ್ಬ ಕುಣಿಯಲ್ಲಿದ್ದರೆ ಇನ್ನೊಬ್ಬ ಕಟ್ಟೆಯ ಮೇಲೆ. ಯಾರಾದರೂ ಒಬ್ಬರು ಏಳಲೇಬೇಕಿತ್ತು. ಹಿರಿಯನಾದ ನಾನು ಎದ್ದೆ. ಹೆಂಡತಿ ಶಾಂತವ್ವನನ್ನು ಆ ಮನೆಯಲ್ಲೇ ಬಿಟ್ಟು, ಖಾಯಂ ಆದ ಕೂಡಲೇ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟು ರೈಲು ಹತ್ತಿದೆ.

ಕೆಲಸವೇನೋ ಸಿಕ್ಕಿತು. ಮೋಟಾರಿಗೆ ತಾಮ್ರದ ತಂತಿ ಸುತ್ತುವ ಕೆಲಸ. ಆದರೆ ಆರು ತಿಂಗಳು ಪರೀಕ್ಷೆಯ ಮೇಲೆ. ನನ್ನ ಜೊತೆ ಸೇರಿದವರಲ್ಲಿ ಅರ್ಧ ಜನರನ್ನು ಮಾತ್ರ ಇಟ್ಟುಕೊಳ್ಳುತ್ತಾರೆ ಎಂದು ಮೊದಲ ದಿನವೇ ಹೇಳಿಬಿಟ್ಟರು. ಅರ್ಜಿಯಲ್ಲಿ ನಾನು ಹೆಮ್ಮೆಯಿಂದ ಕುಸ್ತಿ ಎಂದು ಬರೆದದ್ದನ್ನು ಮ್ಯಾನೇಜರು ಓದಿ, "ಇಲ್ಲಿ ಅಖಾಡ ಇಲ್ಲಪ್ಪ, ಬಾಕ್ಸಿಂಗ್ ಇದೆ. ವಾರ್ಷಿಕೋತ್ಸವದಲ್ಲಿ ಚೆನ್ನಾಗಿ ಮಾಡಿ ತೋರ್ಸು. ಆಟಗಾರರಿಗೆ ನಾವು ಮೊದಲ ಜಾಗ ಕೊಡ್ತೀವಿ" ಎಂದರು. ತೋರಿಸಬೇಕಾದದ್ದು ಇಷ್ಟೇ: ಆ ಚರ್ಮದ ಬುರುಡೆಯನ್ನು, ಅಂದರೆ ಸ್ಪೀಡ್ ಬ್ಯಾಗನ್ನು, ಮೂರು ನಿಮಿಷ ನಿಲ್ಲಿಸದೆ ಗುದ್ದುವುದು. ಬಾಕ್ಸಿಂಗಿನಲ್ಲಿ ಒಂದು ಸುತ್ತು ಎಂದರೆ ಮೂರು ನಿಮಿಷ. ಮೂರು ನಿಮಿಷವೇನು ಮಹಾ ಎಂದು ನೀವು ಅಂದುಕೊಳ್ಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಬಾಡಿಗೆಗೆ ಕೋಣೆ ಸಿಕ್ಕಿದ್ದು ಕುರುಬರಹಳ್ಳಿಯಲ್ಲಿ, ಗೌರಮ್ಮ ಎಂಬ ಬೇಸಾಯಗಾರ ಹೆಂಗಸಿನ ಮನೆಗೆ ಸೇರಿದಂತೆ. ಹಿಂದೆ ದನದ ಕೊಟ್ಟಿಗೆ, ಮುಂದೆ ರಾಗಿಯ ಹೊಲ, ಹೊಲದ ಆಚೆ ಹೊಸ ರಸ್ತೆಗಳಿಗೆ ನೆಟ್ಟ ಕಲ್ಲುಗಳು. ಇನ್ನೂ ಮನೆಗಳೇ ಬಾರದ ಆ ರಸ್ತೆಗಳಲ್ಲಿ ಮೇಕೆಗಳು ಓಡಾಡುತ್ತಿದ್ದವು. ಗೌರಮ್ಮ ಮೊದಲ ದಿನ ನನ್ನ ಕೆಲಸದ ವಿಷಯ, ಊರಲ್ಲಿ ಬಿಟ್ಟು ಬಂದ ಹೆಂಡತಿಯ ವಿಷಯ ಎಲ್ಲ ಕೇಳಿಕೊಂಡು ಮುದ್ದೆ ಬಡಿಸಿದರು. ಜೋಳದ ರೊಟ್ಟಿ ತಿಂದ ಬಾಯಿ ನನ್ನದು, ಕಷ್ಟಪಟ್ಟು ಅಗಿಯುತ್ತಾ ಕುಳಿತೆ.

"ಅಯ್ಯೋ ಶಿವನೇ, ಮುದ್ದೇನ ಅಗಿತಾನಲ್ಲಪ್ಪಾ! ಸಾರಲ್ಲಿ ಅದ್ದು, ನುಂಗು. ಹಲ್ಲಿಗೆ ಯಾಕೆ ಕೆಲ್ಸ ಕೊಡ್ತೀಯಾ?"

"ನಮ್ಮ ಕಡೆ ಕಡದು ತಿನ್ನೂದರೀ ಎಲ್ಲಾ," ಎಂದೆ.

"ಕಡೀಬೇಡ ಕಣಪ್ಪಾ. ಖಾಯಂ ಮಾಡ್ಕೊಂಡ್ ಬಾ ಮೊದ್ಲು. ಅಡಿಗೆಮನೆ ಇರೋ ಆ ಭಾಗ ಖಾಲಿ ಇದೆ, ನಿನ್ ಹೆಂಡ್ತಿಗೇ ಕೊಡ್ತೀನಿ. ಆದ್ರೆ ಖಾಯಂ ಆಗ್ದೇ ಇರೋರಿಗೆ ಸಂಸಾರ ಮಾಡೋಕೆ ಮನೆ ಕೊಡಲ್ಲ ನಾನು. ತಿಂಗಳಾದ್ಮೇಲೆ ಗಂಟು ಮೂಟೆ ಕಟ್ಕೊಂಡು ಅಳ್ತಾ ಹೋಗೋದನ್ನ ನೋಡೋಕಾಗಲ್ಲ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಆ ಅಡಿಗೆಮನೆಯ ಬಾಗಿಲಿಗೆ ಬೀಗ ಹಾಕಿತ್ತು. ಬೆಳಿಗ್ಗೆ ಹೋಗುವಾಗ ಒಂದು ಸಲ, ಸಂಜೆ ಬರುವಾಗ ಒಂದು ಸಲ ಅದನ್ನು ನೋಡಲೇಬೇಕಿತ್ತು.

ನಮ್ಮೂರಿನಲ್ಲಿ ಎಲ್ಲಿ ನಿಂತರೂ ಮಗ್ಗದ ಸದ್ದು ಕೇಳುತ್ತದೆ. ಮಲಗಿದ ಮಗುವಿಗೂ ಆ ಸದ್ದು ಬೇಕು, ನಿಂತರೆ ಎಚ್ಚರವಾಗಿ ಅಳುತ್ತದೆ. ಕುರುಬರಹಳ್ಳಿಯಲ್ಲಿ ಬೆಳಿಗ್ಗೆ ದನದ ಗಂಟೆ, ಆಮೇಲೆ ದೂರದ ಕಾರ್ಖಾನೆಯ ಸೈರನ್ನು, ಅಷ್ಟೇ. ಆ ಮೌನದಲ್ಲಿ ನನಗೆ ಏನೋ ಕೆಟ್ಟದ್ದು ನಡೆದಿದೆ, ನನಗೆ ಮಾತ್ರ ಯಾರೂ ಹೇಳಿಲ್ಲ ಎಂದು ಅನ್ನಿಸುತ್ತಿತ್ತು. ಮಾತಿನಲ್ಲೂ ನಾನು ಹೊರಗಿನವನೇ. ನಾನು "ರೀ" ಹಚ್ಚಿ ಮಾತಾಡಿದರೆ ಜೊತೆಯ ಹುಡುಗರು ನಾನು ಸಿಟ್ಟಾಗಿದ್ದೇನೆ ಅಂದುಕೊಳ್ಳುತ್ತಿದ್ದರು. ಅವರು "ಗುರು" ಎಂದು ಹೆಗಲ ಮೇಲೆ ಕೈ ಹಾಕಿದರೆ ನಾನು ಇವನಿಗೆ ಏನು ಕಲಿಸಿದೆನಪ್ಪಾ ಎಂದು ಯೋಚಿಸುತ್ತಿದ್ದೆ.

ಕೆಲಸ ಬಿಟ್ಟ ಮೇಲೆ ದಿನವೂ ಶೆಡ್ಡಿಗೆ ಹೋಗುತ್ತಿದ್ದೆ. ಭಾನುವಾರ ಸುಬೇದಾರರು ನಮ್ಮನ್ನೆಲ್ಲ ಮಾಗಡಿ ರಸ್ತೆಯಲ್ಲಿ ಶ್ರೀಗಂಧದ ಕಾವಲಿನ ತನಕ ಓಡಿಸುತ್ತಿದ್ದರು. ಓಟದಲ್ಲಿ ನಾನು ಯಾರಿಗೂ ಕಡಿಮೆ ಇರಲಿಲ್ಲ. ಬುರುಡೆಯ ಮುಂದೆ ಮಾತ್ರ ಸೋಲುತ್ತಿದ್ದೆ. ಅದರ ಲೆಕ್ಕ ಹೀಗೆ: ಒಂದು ಸಲ ಗುದ್ದಿದರೆ ಅದು ಆಚೆ ಹಲಗೆಗೆ ಬಡಿಯುತ್ತದೆ, ಈಚೆ ಬಡಿಯುತ್ತದೆ, ಮತ್ತೆ ಆಚೆ ಬಡಿಯುತ್ತದೆ. ಮೂರು ಸದ್ದು. ಮೂರನೆಯದಾದ ಮೇಲೆ ಅದು ನಿನ್ನ ಕಡೆ ಬರುವಾಗ ಮತ್ತೆ ಗುದ್ದಬೇಕು. ಕಣ್ಣಿನಿಂದ ನೋಡಿ ಗುದ್ದಲು ಸಮಯವಿಲ್ಲ, ಕಿವಿಯಿಂದ ಗುದ್ದಬೇಕು. ನಾನು ಕುಸ್ತಿಯವನು. ಎದುರಿಗೆ ಬಂದದ್ದನ್ನು ಹಿಡಿಯುವುದು ನನ್ನ ಮೈಗೆ ಬಂದ ವಿದ್ಯೆ. ಎರಡು ಗುದ್ದು ಹೇಗೋ ಆಗುತ್ತಿತ್ತು, ಮೂರನೆಯದಕ್ಕೆ ನನಗೆ ತಿಳಿಯದೆಯೇ ಬೆರಳು ಬಿಚ್ಚಿ ಅದನ್ನು ಹಿಡಿದುಬಿಡುತ್ತಿದ್ದೆ.

"ಹಿಡೀಬೇಡ ಅಂದ್ನಲ್ಲ! ಅದೇನು ಕೋಳಿನಾ ಹಿಡಿಯೋಕೆ?" ಎಂದು ಸುಬೇದಾರರು ಕೂಗುತ್ತಿದ್ದರು. "ಬಂದಿದ್ದನ್ನ ಕಳ್ಸು. ಬಂತು, ಕಳ್ಸು. ಅಷ್ಟೇ ಕೆಲ್ಸ ನಿಂದು."

ನಾಲ್ಕು ತಿಂಗಳು ಹೀಗೇ ಕಳೆಯಿತು. ಶಾಂತವ್ವ ಬರೆಸಿದ ಕಾಗದಗಳಲ್ಲಿ ಕೊನೆಯ ಸಾಲು ಒಂದೇ: "ಎಂದ ಕರಕೊಂಡ ಹೋಗ್ತೀರಿ?" ನಾನು ಆ ಪ್ರಶ್ನೆ ಬಿಟ್ಟು ಉಳಿದದ್ದಕ್ಕೆಲ್ಲ ಉತ್ತರ ಬರೆಯುತ್ತಿದ್ದೆ.

ಒಂದು ಸಂಜೆ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ದಣಿದಿದ್ದೆ. ಬೂಟು ಕಳಚಿ ಬರಿಗಾಲಿನಲ್ಲಿ ಬುರುಡೆಯ ಮುಂದೆ ನಿಂತು ಕಣ್ಣು ಮುಚ್ಚಿಕೊಂಡು ಗುದ್ದಿದೆ. ಮೂರು ಸದ್ದು ಕೇಳಿತು. ತುಳಿ, ಎಳೆ, ಬಡಿ. ಮಗ್ಗದಲ್ಲೂ ಮೂರೇ ಸದ್ದಲ್ಲವೇ? ಕಾಲು ಕೆಳಗಿನ ಹಲಗೆ ತುಳಿಯುತ್ತದೆ, ಬಲಗೈ ಹಗ್ಗ ಎಳೆದರೆ ಲಾಳಿ ಓಡುತ್ತದೆ, ಎಡಗೈ ನೂಲನ್ನು ಒತ್ತುವ ಹಣಿಗೆಯನ್ನು ಬಡಿಯುತ್ತದೆ. ನನ್ನ ಬಲಗಾಲಿನ ಬೆರಳು ತಾನಾಗಿಯೇ ನೆಲವನ್ನು ಒತ್ತಿತು, ಆಮೇಲೆ ಎಡಗಾಲಿನದು. ಕಾಲು ತುಳಿಯತೊಡಗಿದ ಮೇಲೆ ಕೈ ಹಿಡಿಯುವುದನ್ನು ಮರೆಯಿತು. ಹಗ್ಗ ಎಳೆಯುವ ಹಾಗೆ ಮುಷ್ಟಿಯನ್ನು ಮೇಲಿನಿಂದ ಕೆಳಕ್ಕೆ, ಸ್ವಲ್ಪ ಓರೆಯಾಗಿ ತಂದೆ. ಹತ್ತು ಗುದ್ದು, ಇಪ್ಪತ್ತು ಗುದ್ದು. ನಿಂತಾಗ ನನ್ನ ಕೆನ್ನೆ ಒದ್ದೆಯಾಗಿತ್ತು, ಬೆವರೋ ಇನ್ನೇನೋ.

ಮರುದಿನ ಸುಬೇದಾರರಿಗೆ ತೋರಿಸಿದೆ. ಅವರಿಗೆ ಸಮಾಧಾನವಾಗಲಿಲ್ಲ. "ಕಾಲು ಯಾಕಯ್ಯಾ ಹಂಗೆ ಕುಣಿಸ್ತೀಯಾ? ಕೈ ತುಂಬಾ ನಿಧಾನ. ಬುರುಡೆ ನಿನಗೋಸ್ಕರ ಕಾಯ್ತಾ ಕೂರುತ್ತಾ?" ಅವರ ಮಾತು ನಿಜ. ನನ್ನ ಕೈಯ ವೇಗ ಮಗ್ಗದ ವೇಗ, ಬುರುಡೆಯ ವೇಗ ಬೇರೆ. ಒಂದು ನಿಮಿಷದ ಹೊತ್ತಿಗೆ ಅದು ನನ್ನನ್ನು ಬಿಟ್ಟು ಮುಂದೆ ಓಡಿಬಿಡುತ್ತಿತ್ತು.

ವಾರ್ಷಿಕೋತ್ಸವಕ್ಕೆ ಎರಡು ವಾರ ಇದ್ದಾಗ ಸುಬೇದಾರರು ಮೊಮ್ಮಗಳ ನಾಮಕರಣಕ್ಕೆಂದು ಊರಿಗೆ ಹೊರಟರು. ಶೆಡ್ಡಿನ ಬೀಗದ ಕೈ ನನ್ನ ಕೈಗೆ ಕೊಟ್ಟು, "ಬುರುಡೆ ನೋಡ್ಕೋ. ಬಿಸಿಲಿಗೆ ಹೊಲಿಗೆ ಹತ್ರ ಬಿರುಕು ಬಿಡ್ತಾ ಇದೆ. ಇರೋದು ಒಂದೇ" ಎಂದರು. ನೋಡಿಕೋ ಎಂದರೆ ನೇಕಾರನಿಗೆ ಏನು ಅರ್ಥವಾಗುತ್ತದೆ ಎಂದು ಆ ಪುಣ್ಯಾತ್ಮರಿಗೆ ಹೇಗೆ ಗೊತ್ತಿರಬೇಕು?

ನಮ್ಮಲ್ಲಿ ಲಾಳಿಯನ್ನು ತಳ್ಳುವ ಚರ್ಮದ ತುಂಡಿರುತ್ತದಲ್ಲ, ಅದನ್ನು ಹಾಗೇ ಹಾಕಿದರೆ ಎರಡು ದಿನದಲ್ಲಿ ಸೀಳುತ್ತದೆ. ಅಪ್ಪ ಎಮ್ಮೆಯ ತೊಗಲಿನ ತುಂಡುಗಳನ್ನು ಎಣ್ಣೆಯ ಗಡಿಗೆಯಲ್ಲಿ ತಿಂಗಳುಗಟ್ಟಲೆ ಮುಳುಗಿಸಿ ಇಡುತ್ತಿದ್ದ. ಎಣ್ಣೆ ಕುಡಿದ ಚರ್ಮ ವರ್ಷ ಬಾಳುತ್ತದೆ ಎನ್ನುತ್ತಿದ್ದ. ನನಗೆ ಗೊತ್ತಿದ್ದ ಚರ್ಮದ ವಿದ್ಯೆ ಅದೊಂದೇ. ಗೌರಮ್ಮನವರ ಹತ್ತಿರ ಹರಳೆಣ್ಣೆ ಕೇಳಿ ತಂದೆ. ಬುರುಡೆಯ ದಾರ ಬಿಚ್ಚಿ, ಒಳಗಿನ ರಬ್ಬರು ಚೀಲ ತೆಗೆದು, ಚರ್ಮವನ್ನು ಗಡಿಗೆಯಲ್ಲಿ ಮುಳುಗಿಸಿ ಮೇಲೆ ಒಂದು ಕಲ್ಲು ಇಟ್ಟೆ. ಆರು ದಿನ ಅದು ಎಣ್ಣೆ ಕುಡಿಯಿತು. ಬೆಂಗಳೂರಿಗೆ ಬಂದ ಮೇಲೆ ನನಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸ ಮಾಡುತ್ತಿದ್ದೇನೆಂದು ಆ ಆರು ದಿನ ಖುಷಿಯಾಗಿದ್ದೆ. ನಿಜ ಹೇಳಬೇಕೆಂದರೆ ನಾನು ನೆಮ್ಮದಿಯಾಗಿ ಉಂಡದ್ದು ಆ ವಾರ ಮಾತ್ರ.

ಏಳನೆಯ ದಿನ ತೆಗೆದೆ. ಕಪ್ಪಗೆ, ತಣ್ಣಗೆ, ಜೋಲು ಬಿದ್ದಿತ್ತು. ಒರೆಸಿ, ರಬ್ಬರು ಚೀಲ ಸೇರಿಸಿ, ಗಾಳಿ ತುಂಬಿದೆ. ಸೋರೆಕಾಯಿ ಹೋಗಿ ಬದನೆಕಾಯಿ ಆಗಿತ್ತು. ತೂಗುಹಾಕಿ ಗುದ್ದಿದೆ. ಮೊದಲು ಟಪಟಪ ಬಡಿಯುತ್ತಿದ್ದ ಬುರುಡೆ ದೊಬ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ದೊಬ್. ನನ್ನ ಮುಖದ ತುಂಬ ಎಣ್ಣೆ ಸಿಡಿದಿತ್ತು. ಅಲ್ಲೇ ನೆಲದ ಮೇಲೆ ಕುಳಿತೆ. ಕಾರ್ಖಾನೆಯ ಸಾಮಾನು ಹಾಳು ಮಾಡಿದವನನ್ನು ಯಾರು ಖಾಯಂ ಮಾಡುತ್ತಾರೆ? ಊರಿಗೆ ಹೋದರೆ ಕುಣಿಯಲ್ಲಿ ತಮ್ಮ ಕುಳಿತಿದ್ದಾನೆ. ಅವನನ್ನು ಏಳು ಎನ್ನಲು ನನಗೆ ಯಾವ ಬಾಯಿ ಇದೆ?

ಆ ಸಂಜೆ ಗೌರಮ್ಮ ನನ್ನ ಮುಖ ನೋಡಿ, "ಏನಪ್ಪಾ, ಹಬ್ಬ ಇಲ್ಲ ಹುಣ್ಣಿಮೆ ಇಲ್ಲ, ಎಣ್ಣೆ ಹಚ್ಕೊಂಡ್ ಬಂದಿದೀಯಾ?" ಎಂದರು. ಊಟ ಬೇಡವೆಂದು ಒಳಗೆ ಹೋದೆ.

ಸುಬೇದಾರರು ಬಂದ ದಿನ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಮುಚ್ಚಿಡುವ ಧೈರ್ಯ ನನಗಿರಲಿಲ್ಲ. ಅವರು ಬುರುಡೆಯನ್ನು ಮುಟ್ಟಿ, ಬೆರಳು ಮೂಸಿ, ನನ್ನ ಕಡೆ ನೋಡಿದರು.

"ಎಣ್ಣೇಲಿ ನೆನೆಸು ಅಂತ ಯಾರಯ್ಯಾ ನಿಂಗೆ ಹೇಳ್ಕೊಟ್ಟಿದ್ದು?"

"ನಮ್ಮಪ್ಪ ರೀ."

"ನಿಮ್ಮಪ್ಪಾನೂ ಬಾಕ್ಸಿಂಗ್ ಮಾಡ್ತಿದ್ರಾ?"

"ಇಲ್ರೀ. ನೇಕಾರ. ಚರ್ಮ ಬಿರುಕು ಬಿಡಬಾರದಂದ್ರ ಎಣ್ಣಿ ಕುಡಸಬೇಕು ಅಂತಿದ್ದ."

ಅವರು ಬೈಯುತ್ತಾರೆಂದು ಕಾದೆ. ಬೈದರು, ತಮಿಳಿನಲ್ಲಿ, ಬಹಳ ಹೊತ್ತು. ಬಾಕ್ಸಿಂಗ್ ಕಲಿಯುತ್ತಿದ್ದ ಉಳಿದವರನ್ನು ಕರೆದು ಗುದ್ದಿಸಿ ನೋಡಿದರು. ಎಲ್ಲರ ಕೈಯೂ ಬುರುಡೆಗಿಂತ ಮುಂಚೆ ಹೋಗಿ ಗಾಳಿಯನ್ನು ಗುದ್ದಿತು. ಹೊಸ ಬುರುಡೆ ತರಿಸಲು ತಿಂಗಳಾದರೂ ಬೇಕು. ಉಳಿದವರಿಗೆ ಹಗ್ಗ ಜಿಗಿತ, ಜೋಡಿ ಕಾಳಗ ತೋರಿಸುವ ಏರ್ಪಾಡಾಯಿತು. ಕೊನೆಗೆ ಸುಬೇದಾರರು ನನ್ನ ಕಡೆ ತಿರುಗಿ, "ನೀನು ಗುದ್ದು, ನೋಡೋಣ" ಎಂದರು.

ಬೂಟು ಕಳಚಿದೆ. ಕಣ್ಣು ಮುಚ್ಚಿದೆ. ಕಾಲಿನ ಬೆರಳು ನೆಲ ಒತ್ತಿತು. ದೊಬ್, ದೊಬ್, ದೊಬ್. ತುಳಿ, ಎಳೆ, ಬಡಿ. ಎಣ್ಣೆ ಕುಡಿದು ಭಾರವಾದ ಆ ಬುರುಡೆ ಸರಿಯಾಗಿ ನಮ್ಮ ಮನೆಯ ಮಗ್ಗದ ವೇಗಕ್ಕೆ ಇಳಿದಿತ್ತು. ಇದು ನನ್ನ ಜಾಣತನವಲ್ಲ, ನಾನು ಮಾಡಿದ ಹಾಳು ಕೆಲಸದ ಫಲ. ಆದರೂ ನನ್ನ ಕೈಗೆ ಗೊತ್ತಿದ್ದ ವೇಗ ಅದೊಂದೇ. ಸುಬೇದಾರರು ತಮ್ಮ ಗಡಿಯಾರ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ವಾರ್ಷಿಕೋತ್ಸವದ ದಿನ ಶೆಡ್ಡಿನ ಮುಂದೆ ಕುರ್ಚಿ ಹಾಕಿದ್ದರು. ಮುಂದಿನ ಸಾಲಿನಲ್ಲಿ ಮ್ಯಾನೇಜರು, ಬಿಳಿ ಅಂಗಿ ತೊಟ್ಟು. ಬೂಟು ಕಳಚಿ ಕಣ್ಣು ಮುಚ್ಚಿದೆ. ಸೀಟಿ ಕೇಳಿಸಿತು. ಮೊದಲ ನಿಮಿಷ ಕುಣಿಯಲ್ಲಿ ಕುಳಿತ ಹಾಗೆಯೇ ಸಾಗಿತು. ಎರಡನೆಯ ನಿಮಿಷದಲ್ಲಿ ಎಣ್ಣೆ ಸಿಡಿದು ನೆಲಕ್ಕೆ ಬಿದ್ದು ಪಾದ ಜಾರಿತು. ಎಡಗಾಲು ತುಳಿಯುವುದು ತಪ್ಪಿತು, ಬುರುಡೆ ತಪ್ಪಿತು, ಜನ ಓಹೋ ಎಂದರು. ನನ್ನ ಬೆರಳು ಬಿಚ್ಚಿಕೊಂಡಿತು. ಹಿಡಿದುಬಿಡುತ್ತೇನೆ, ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮಗ್ಗದಲ್ಲಿ ಲಾಳಿಯ ನೂಲು ಹರಿದಾಗ ಅಪ್ಪ ಏನು ಮಾಡುತ್ತಿದ್ದ? ಕಾಲು ನಿಲ್ಲಿಸುತ್ತಿರಲಿಲ್ಲ. ಒಂದು ಸುತ್ತು ಖಾಲಿ ತುಳಿದು, ಆಮೇಲೆ ಸೇರಿಸಿಕೊಳ್ಳುತ್ತಿದ್ದ. ನಾನೂ ಕೈ ಎತ್ತಿ ಹಿಡಿದು, ಒಂದು ಸುತ್ತು ಬರೀ ಕಾಲು ತುಳಿದೆ. ಮೂರು ಸದ್ದು ಹೋಗಲು ಬಿಟ್ಟೆ. ಆಮೇಲೆ ಬೆರಳು ಮಡಚಿ ಗುದ್ದಿದೆ. ಸೇರಿತು. ಎರಡನೆಯ ಸೀಟಿ ಕೇಳಿಸುವ ತನಕ ಕಣ್ಣು ತೆರೆಯಲಿಲ್ಲ.

ಮ್ಯಾನೇಜರು ಎದ್ದು ಬಂದರು. ಅವರ ಬಿಳಿ ಅಂಗಿಯ ಮೇಲೆ ಹರಳೆಣ್ಣೆಯ ಚುಕ್ಕೆಗಳಿದ್ದವು, ಅದನ್ನು ನೋಡಿ ನನ್ನ ಜೀವ ಹೋಯಿತು. ಅವರು ನೋಡಿದ್ದು ಮಾತ್ರ ನನ್ನ ಕಾಲನ್ನು.

"ಈ ಕಾಲಿನ ವರಸೆ ಯಾರು ಹೇಳ್ಕೊಟ್ರು ಸುಬೇದಾರ್? ನೀವಾ?"

"ಇಲ್ಲ ಸಾರ್," ಎಂದರು ಸುಬೇದಾರರು. "ಅವರಪ್ಪ."

ತಿಂಗಳ ಕೊನೆಗೆ ಖಾಯಂ ಕಾಗದ ಬಂತು. ಗೌರಮ್ಮ ಅಡಿಗೆಮನೆಯ ಬೀಗ ತೆಗೆದು, ಗುಡಿಸಿ, ಒಲೆಗೆ ಸಗಣಿ ಸಾರಿಸಿದರು. ನಾನು ಶಾಂತವ್ವನನ್ನು ಕರೆದುಕೊಂಡು ಬರಲು ಊರಿಗೆ ಹೋದೆ.

ಬಸ್ಸಿನಿಂದ ಇಳಿದ ಕೂಡಲೇ ಮಗ್ಗದ ಸದ್ದು. ನಾನು ಅಳುಕಿಲ್ಲದೆ ಉಸಿರಾಡಿದೆ. ಈರಣ್ಣ ಕುಣಿಯಿಂದ ಎದ್ದು, "ಕುಂಡ್ರು ಅಣ್ಣಾ, ಕೈ ತೀಟಿ ತೀರಿಸ್ಕೋ" ಎಂದ. ಕುಳಿತೆ. ಕಾಲಿನ ಕೆಳಗೆ ಅದೇ ಹಲಗೆ, ಅಪ್ಪನ ಪಾದ ಸವೆಸಿದ ಜಾಗ. ತುಳಿದೆ, ಎಳೆದೆ, ಬಡಿದೆ. ಮಗ್ಗದ ಉದ್ದಕ್ಕೂ ಹಾಸಿದ ಕೆಂಪು ಎಳೆಗಳು ಪಟಪಟನೆ ಹರಿದವು. ಇನ್ನೊಮ್ಮೆ ಮೆಲ್ಲಗೆ ಮಾಡಿದೆ. ಮತ್ತಷ್ಟು ಹರಿದವು. ಆರು ತಿಂಗಳಲ್ಲಿ ನನ್ನ ಎಡಗೈ ಹಣಿಗೆಯನ್ನು ಹದವಾಗಿ ಬಡಿಯುವುದು ಮರೆತು ಗುದ್ದುವುದು ಕಲಿತಿತ್ತು.

ಈರಣ್ಣ ನನ್ನ ಹೆಗಲು ಮುಟ್ಟಿದ. "ಏಳು ಅಣ್ಣಾ. ನಿನ್ನ ಕೈಗೆ ಭಾಳ ಅವಸರ ಹತ್ತೇತಿ."

ಬೆಂಗಳೂರಿನಲ್ಲಿ ಕೈ ನಿಧಾನವೆಂದು ಬೈಸಿಕೊಂಡವನು ನಾನು. ಎದ್ದೆ. ನನ್ನ ಜಾಗದಿಂದ ನಾನು ಎರಡನೆಯ ಸಲ ಎದ್ದದ್ದು. ಮೊದಲ ಸಲ ತಮ್ಮನಿಗಾಗಿ ಎದ್ದಿದ್ದೆ. ಈ ಸಲ ಬಟ್ಟೆ ಉಳಿಯಲೆಂದು ಎದ್ದೆ.

ಈರಣ್ಣ ಹರಿದ ಎಳೆಗಳನ್ನೆಲ್ಲ ಒಂದೊಂದಾಗಿ ಗಂಟು ಹಾಕಿ ಆ ಖಣ ಮುಗಿಸಿದ. ಗಂಟಿನ ಸಾಲು ಎದ್ದು ಕಾಣುತ್ತಿತ್ತು, ಅದನ್ನು ಯಾರೂ ಕೊಳ್ಳುವುದಿಲ್ಲವೆಂದು ಪಕ್ಕಕ್ಕೆ ಎಸೆದ. ಶಾಂತವ್ವ ಅದನ್ನು ಎತ್ತಿಕೊಂಡು ಕುಬಸ ಹೊಲಿದುಕೊಂಡಳು.

ಅವಳು ಕುರುಬರಹಳ್ಳಿಗೆ ಬಂದು ವರ್ಷವಾಯಿತು. ಮುದ್ದೆ ನುಂಗುವುದನ್ನು ನನಗಿಂತ ಬೇಗ ಕಲಿತಳು. ಶೆಡ್ಡಿಗೆ ಹೊಸ ಬುರುಡೆ ಬಂದಿದೆ, ಅದು ಎಣ್ಣೆ ಕಂಡಿಲ್ಲ, ಟಪಟಪ ಬಡಿಯುತ್ತದೆ. ಈಗಲೂ ಸಂಜೆ ಹೋಗಿ ಅದನ್ನು ಗುದ್ದುತ್ತೇನೆ. ಮೂರು ನಿಮಿಷ ಇನ್ನೂ ಆಗಿಲ್ಲ. ಸುಬೇದಾರರು ಕಾಲಿನ ಬಗ್ಗೆ ಏನೂ ಅನ್ನುವುದಿಲ್ಲ, "ಕೈ ನಿಧಾನ" ಎನ್ನುವುದನ್ನು ಬಿಟ್ಟಿಲ್ಲ.

ಮೊನ್ನೆ ಸಂಜೆ ಮನೆಗೆ ಬಂದಾಗ ಶಾಂತವ್ವ ಆ ಕುಬಸ ತೊಟ್ಟು ಒಲೆಯ ಮುಂದೆ ಬಗ್ಗಿ ಕುಳಿತಿದ್ದಳು. ಗಂಟಿನ ಸಾಲು ಬೆನ್ನಿನ ಮೇಲೆ ಬಂದಿದೆ. "ಇದನ್ನ ಯಾಕ ಹಾಕ್ಕೊಂಡಿ? ನೋಡಿದವರು ಏನಂತಾರು?" ಎಂದೆ.

"ಇದೊಂದ ನೀವೂ ಈರಣ್ಣನೂ ಕೂಡಿ ನೇದದ್ದು," ಎಂದಳು.

ನಾನು ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದೆ.